ನಮ್ಮತ್ತೆ ಎತ್ತಿ ಕುಡಿದಾಗ

ಡಲ್ಲಾಸ್ ಗೆಳೆಯರೇ, ಇವತ್ತು ನಮ್ಮತ್ತೆ ಒಂದು ಮ್ಯೂಸಿಯಂನ ಸಂಪ್ರದಾಯವನ್ನೇ ತಿದ್ದಿ ಬಂದಿದ್ದಾರೆ.

ಸಮೋವಾ ದ್ವೀಪದವರು ನಡೆಸುವ ಪುಟ್ಟ ಮ್ಯೂಸಿಯಂ ಅದು. ನೋಡಲು ಬಂದವರನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ಬೇರು ಅರೆದು ಮಾಡಿದ ‘ಆವಾ’ ಎಂಬ ಪಾನೀಯ ಕೊಡುತ್ತಾರೆ. ಎಲ್ಲರಿಗೂ ಒಂದೇ ತೆಂಗಿನ ಚಿಪ್ಪು. ಮೂವರ ಬಾಯಿಗೆ ಹೋಗಿ ಬಂದ ಚಿಪ್ಪನ್ನು ಮತ್ತೆ ತುಂಬಿಸಿ ಅತ್ತೆಯ ಕೈಗಿಟ್ಟರು.

“ಎಂಜಲು ಕಣೇ,” ಎಂದರು ಅತ್ತೆ.

“ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ ಅತ್ತೆ,” ಎಂದೆ.

ಅವರು ಚಿಪ್ಪನ್ನು ಎತ್ತಿ ಹಿಡಿದು, ತುಟಿಗೆ ಸೋಕಿಸದೆ ಗಟಗಟನೆ ಕುಡಿದರು. ಎಲ್ಲರೂ ನಮ್ಮನ್ನೇ ನೋಡಿದರು. ಆವಾ ಕೊಡುತ್ತಿದ್ದ ಹಿರಿಯರು ಇದರ ಅರ್ಥವೇನೆಂದು ನನ್ನನ್ನು ಕೇಳಿದರು. ಎಂಜಲಿನ ವಿಷಯ ಇಂಗ್ಲಿಷಿನಲ್ಲಿ ವಿವರಿಸಿ ಮರ್ಯಾದೆ ಕಳೆದುಕೊಳ್ಳುವವರು ಯಾರು? ನಮ್ಮ ಕಡೆ ತುಂಬಾ ಗೌರವವಿದ್ದರೆ ಹೀಗೇ ಕುಡಿಯುವುದು ಎಂದುಬಿಟ್ಟೆ.

ಹಿರಿಯರಿಗೆ ಬಹಳ ಖುಷಿಯಾಯಿತು. ಅತ್ತೆಯ ಗೌರವಕ್ಕೆ ತಾವೂ ಹಾಗೇ ಕುಡಿಯುವುದಾಗಿ ಹೇಳಿ ಚಿಪ್ಪು ಎತ್ತಿದರು. ಉಳಿದವರೂ ಸರದಿಯಂತೆ ಎತ್ತಿದರು. ಮೂಗು, ಗಡ್ಡ, ಅಂಗಿ, ಚಾಪೆ, ಎಲ್ಲೆಲ್ಲೂ ಆವಾ.

ಅತ್ತೆಯ ಸೀರೆಯ ಮೇಲೆ ಮಾತ್ರ ಒಂದು ಹನಿಯೂ ಇರಲಿಲ್ಲ. ಕಾರಿನಲ್ಲಿ ಕೂತ ಮೇಲೆ ಹೇಳಿದರು: “ಪಾಪ, ತುಂಬಾ ಒಳ್ಳೇ ಜನ. ಕುಡಿಯೋದೊಂದು ಯಾರೂ ಕಲಿಸಿಲ್ಲ.”