ಮಾಟಗಾತಿ ಮೇಡಂ ಕೊಟ್ಟ ದಪ್ಪ ಪುಸ್ತಕ

ಗ್ರಂಥಾಲಯದ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಮಕ್ಕಳ ವಿಭಾಗ. ಅಲ್ಲಿ ಕೂರುತ್ತಿದ್ದ ಗ್ರಂಥಪಾಲಕಿಗೆ ಮಕ್ಕಳು ಇಟ್ಟ ಹೆಸರು ಮಾಟಗಾತಿ ಮೇಡಂ. ಬೆನ್ನ ಹಿಂದೆ ಇಟ್ಟ ಹೆಸರಾದರೂ ಆಕೆಗೆ ಅದು ಗೊತ್ತಿತ್ತು, ಗೊತ್ತಿದ್ದೂ ಬೈದಿರಲಿಲ್ಲ. ಬೈಯಲು ಬೇರೆ ವಿಷಯಗಳು ಬೇಕಾದಷ್ಟಿದ್ದವು. ಪುಟದ ಮೂಲೆ ಮಡಿಸುವ ಬೆರಳುಗಳು, ಎಷ್ಟು ಅರ್ಜಿ ಕೊಟ್ಟರೂ ರಿಪೇರಿಯಾಗದ ಕಿಟಕಿಯ ಚಿಲಕ, ಎಲ್ಲಕ್ಕಿಂತ ಮಿಗಿಲಾಗಿ, ಮಗುವಿನ ಕೈಯಿಂದ ಡ್ರ್ಯಾಗನ್ ಚಿತ್ರದ ಪುಸ್ತಕ ಕಿತ್ತು ಮೇಜಿನ ಮೇಲಿಟ್ಟು, "ಇದೆಲ್ಲ ಬೇಡ ಮೇಡಂ, ಏನಾದ್ರೂ ಉಪಯೋಗಕ್ಕೆ ಬರೋದು ಕೊಡಿ" ಎನ್ನುವ ಅಪ್ಪಂದಿರು.

"ಉಪಯೋಗಕ್ಕೆ ಬರೋದು ಬೇಕಾದ್ರೆ ಕೆಳಗಡೆ ಹಾರ್ಡ್‌ವೇರ್ ಅಂಗಡಿ ಇದೆ," ಎನ್ನುತ್ತಿದ್ದಳು ಆಕೆ, ಮುದ್ರೆ ಒತ್ತುವುದನ್ನು ನಿಲ್ಲಿಸದೆ. "ಒಂದು ಸುತ್ತಿಗೆ ಕೊಡಿಸಿ."

ಮಾಯಾಮಂತ್ರದ ಕಾದಂಬರಿಗಳನ್ನು ಮಕ್ಕಳಿಗೆ ಆರಿಸಿಕೊಡುವುದರಲ್ಲಿ ಆಕೆಗೆ ತನ್ನದೇ ಒಂದು ಪದ್ಧತಿಯಿತ್ತು. ವಯಸ್ಸು ಕೇಳುತ್ತಿರಲಿಲ್ಲ, ಯಾವ ತರಗತಿ ಎಂದೂ ಕೇಳುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾರ ಮೇಲೆ ಸಿಟ್ಟು?"

ಹೊಸದಾಗಿ ಬಂದ ಮಕ್ಕಳು ತಬ್ಬಿಬ್ಬಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಾಯಿ ಬಿಡುತ್ತಿದ್ದರು. ಅಣ್ಣನ ಮೇಲೆ ಎಂದವನಿಗೆ, ಅಣ್ಣಂದಿರನ್ನೆಲ್ಲ ಕಲ್ಲಾಗಿಸಿ ಆಮೇಲೆ ಆ ಕಲ್ಲುಗಳನ್ನು ಹೊತ್ತೇ ಬೆಟ್ಟ ಹತ್ತಬೇಕಾಗಿ ಬಂದ ತಮ್ಮನ ಕಥೆ ಸಿಗುತ್ತಿತ್ತು. ಮನೆ ಬದಲಾಯಿಸಿ ಗೆಳತಿಯರನ್ನು ತಪ್ಪಿಸಿದ ಅಪ್ಪನ ಮೇಲೆ ಎಂದವಳಿಗೆ, ಗಡಿಯಾರದೊಳಗಿನ ಪಟ್ಟಣಕ್ಕೆ ಹೋಗಿ ಸಿಕ್ಕಿಬಿದ್ದ ಹುಡುಗಿಯ ಕಥೆ. "ನನ್ನ ಮೇಲೇನೇ" ಎಂದು ಪಿಸುಗುಟ್ಟಿದ ಒಬ್ಬನಿಗೆ ಮಾತ್ರ ಆಕೆ ಎರಡು ಪುಸ್ತಕ ಕೊಟ್ಟು ಕಳುಹಿಸಿದ್ದಳು.

ಮಕ್ಕಳು ಮಾಯಾಲೋಕಕ್ಕೆ ಓಡಿಹೋಗುತ್ತಾರೆ ಎಂಬುದು ದೊಡ್ಡವರ ಮಾತು. ಆಕೆಯ ಪ್ರಕಾರ ಅದು ಶುದ್ಧ ಸುಳ್ಳು. ಮನೆಯಲ್ಲಿ ಮಗುವಿನ ಕೈಯಲ್ಲಿ ಏನೂ ಇಲ್ಲ. ಯಾವಾಗ ಮಲಗಬೇಕು, ಯಾವ ಅಂಗಿ ತೊಡಬೇಕು, ಯಾರ ಮುಂದೆ ಹಲ್ಲು ಕಿರಿಯಬೇಕು, ಎಲ್ಲವೂ ಬೇರೆಯವರ ತೀರ್ಮಾನ. ಒಳ್ಳೆಯ ಮಾಂತ್ರಿಕ ಕಾದಂಬರಿಯಲ್ಲಿ ಮಗು ತಾನೇ ತೀರ್ಮಾನಿಸುತ್ತದೆ, ಅದಕ್ಕೆ ತಕ್ಕ ಬೆಲೆಯನ್ನೂ ತೆರುತ್ತದೆ. ಬೆಲೆ ತೆರದ ಮಾಯೆ ಆಕೆಗೆ ಆಗಿಬರುತ್ತಿರಲಿಲ್ಲ. ಕೋಲು ಬೀಸಿದೊಡನೆ ಎಲ್ಲ ಸರಿಹೋಗುವಂಥ ಪುಸ್ತಕವನ್ನು ಯಾರಾದರೂ ದಾನ ಕೊಟ್ಟರೆ, ಅದು ಹೊಳೆಯುವ ಹೊದಿಕೆಯ ಸಮೇತ ಮೇಜಿನ ಕೆಳಗಿನ ಪೆಟ್ಟಿಗೆಗೆ ಹೋಗುತ್ತಿತ್ತು. ಕುಂಟುವ ಬೆಂಚುಗಳ ಕಾಲಿಗೆ ಏನಾದರೂ ಬೇಕಲ್ಲ.

ಆಕೆಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಹೆಂಡತಿಯ ಸಿಟ್ಟು ನೆತ್ತಿಗೇರಿದಾಗಲೆಲ್ಲ ರೇಡಿಯೊ ಬಿಚ್ಚಿ ಮತ್ತೆ ಜೋಡಿಸುತ್ತ ಕೂರುತ್ತಿದ್ದ. ಹೀಗಾಗಿ ಆ ಮನೆಯಲ್ಲಿ ರೇಡಿಯೊ ಎಂದೂ ಕೆಟ್ಟದ್ದಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿ, ಪಾಳಿ ಬದಲಾದಾಗಲೆಲ್ಲ ಮಗಳನ್ನು ತಂದು ಅಕ್ಕನ ಬಳಿ ಬಿಡುತ್ತಿದ್ದಳು. ಆ ಹುಡುಗಿ ಬೆಳೆದದ್ದೇ ದೊಡ್ಡಮ್ಮನ ಕಪಾಟುಗಳ ನಡುವೆ, ಯಕ್ಷಿಣಿಯರ ಜೊತೆ, ಮಾತಾಡುವ ಕುದುರೆಗಳ ಜೊತೆ. ಬೆಳೆದು ಎದುರು ಬೀದಿಯ ಶಾಲೆಯಲ್ಲಿ ಟೀಚರ್ ಆದಳು. ಪ್ರತಿ ಬುಧವಾರ ತನ್ನ ತರಗತಿಯನ್ನು ಸಾಲಾಗಿ ಗ್ರಂಥಾಲಯಕ್ಕೆ ಕರೆತರುವವಳು ಅವಳೇ. ಶಾಲೆಯ ಬಣ್ಣದ ಚುಕ್ಕಿಗಳನ್ನು ಗ್ರಂಥಾಲಯಕ್ಕೆ ತಂದವಳೂ ಅವಳೇ. ಅದಕ್ಕೇ ಈ ಸಲದ ಸಿಟ್ಟು ರೇಡಿಯೊಗೆ ಬಗ್ಗುವಂಥದ್ದಾಗಿರಲಿಲ್ಲ.

ಚುಕ್ಕಿಯ ವ್ಯವಹಾರ ಹೀಗಿತ್ತು. ಶಾಲೆಯವರು ಪ್ರತಿ ಮಗುವಿನಿಂದ ಒಂದು ಪುಟ ಓದಿಸಿ, ಗ್ರಂಥಾಲಯದ ಕಾರ್ಡಿನ ಮೇಲೆ ಹಸಿರು, ಹಳದಿ ಇಲ್ಲವೇ ಕೆಂಪು ಚುಕ್ಕಿ ಅಂಟಿಸುತ್ತಿದ್ದರು. ಪುಸ್ತಕಗಳ ಬೆನ್ನಿಗೂ ಅದೇ ಬಣ್ಣಗಳು, ಸುಲಭದ್ದಕ್ಕೆ ಹಸಿರು, ಕಷ್ಟದ್ದಕ್ಕೆ ಕೆಂಪು. ಹಸಿರು ಮಗುವಿಗೆ ಹಸಿರು ಪುಸ್ತಕ, ಕೆಂಪು ಮಗುವಿಗೆ ಕೆಂಪು. ಗ್ರಂಥಾಲಯದ ಮೇಲಿನವರಿಂದ ಒಪ್ಪಿಗೆ ಪಡೆದು, ಮಾಟಗಾತಿ ಮೇಡಂ ರಜೆಯಲ್ಲಿದ್ದಾಗ ಶಾಲೆಯ ಕಚೇರಿಯವರು ಬಂದು ಕಪಾಟುಗಳಿಗೆಲ್ಲ ಅಂಟಿಸಿ ಹೋಗಿದ್ದರು.

"ಇದಕ್ಕೆ ಹಸಿರು ಹಚ್ಚಿದ ಪುಣ್ಯಾತ್ಮ ಯಾರು?" ಆಕೆ ತೆಳ್ಳನೆಯ ಪುಸ್ತಕವೊಂದನ್ನು ತಂಗಿಯ ಮಗಳ ಮೂಗಿನ ಮುಂದೆ ಹಿಡಿದಳು. "ಇದರಲ್ಲಿ ಶುರುವಿನಲ್ಲೇ ರಾಣಿ ಕೂಸಿನ ಕಣ್ಣು ಕೀಳ್ತಾಳೆ. ಪುಟಾಣಿಗಳಿಗೆ ಕೊಡ್ಲಾ?"

"ಕಚೇರಿಯವರು ಹಚ್ಚಿದ್ದು ದೊಡ್ಡಮ್ಮ. ಪುಟ ಎಷ್ಟಿದೆ ಅಂತ ನೋಡಿ ಹಚ್ಚಿದ್ದಾರೆ."

"ತಕ್ಕಡೀನೂ ತಂದಿದ್ರಾ ಜೊತೇಲಿ?"

"ನಿಂಗೆ ತಮಾಷೆ. ನಂಗೆ ತರಗತಿ ತುಂಬ ಮಕ್ಕಳು. ಯಾರಿಗೆ ಎಷ್ಟು ಬರುತ್ತೆ ಅಂತ ನಂಗೆ ಗೊತ್ತಿರಬೇಕು."

"ನಾನು ತಮಾಷೆ ಮಾಡ್ತಿದೀನಿ ಅಂತ ಯಾರು ಹೇಳಿದ್ರು ನಿಂಗೆ?"

ಸಾಲಿನಲ್ಲಿ ನಿಂತ ಮಕ್ಕಳು ಕತ್ತು ಚಾಚಿ ಕೇಳುತ್ತಿದ್ದರು. ಟೀಚರನ್ನು ಹೀಗೆ ಗದರಿಸುವವರನ್ನು ಅವರು ನೋಡಿರಲಿಲ್ಲ.

ಆ ಸಾಲಿನಲ್ಲಿ ಲಾಂಡ್ರಿಯವಳ ಮಗಳೂ ಇದ್ದಳು. ಎಲ್ಲರಿಗಿಂತ ಎತ್ತರ, ಸದಾ ಇಸ್ತ್ರಿ ಮಾಡಿದ ಅಂಗಿ, ಕಾರ್ಡಿನ ಮೇಲೆ ಹಸಿರು ಚುಕ್ಕಿ. ಅವಳ ಸರದಿ ಬಂತು.

"ಯಾರ ಮೇಲೆ ಸಿಟ್ಟು?"

ಹುಡುಗಿ ಕಾರ್ಡನ್ನು ಮೇಜಿನ ಮೇಲಿಟ್ಟು ಚುಕ್ಕಿಯ ಮೇಲೆ ಬೆರಳೂರಿದಳು. "ಇದರ ಮೇಲೆ."

ಇಂಥ ಉತ್ತರ ಮಾಟಗಾತಿ ಮೇಡಂಗೆ ಯಾರೂ ಕೊಟ್ಟಿರಲಿಲ್ಲ. ಆಕೆ ಹೆಬ್ಬೆರಳ ಉಗುರಿನಿಂದ ಚುಕ್ಕಿಯನ್ನು ಕೆರೆದು ಕಿತ್ತಳು, ಉಂಡೆ ಮಾಡಿ ಬುಟ್ಟಿಗೆ ಹಾಕಿದಳು. ಸ್ಟೂಲ್ ಹತ್ತಿ ಮೇಲಿನ ಹಲಗೆಯಿಂದ ಇದ್ದುದರಲ್ಲಿ ದಪ್ಪನೆಯ ಪುಸ್ತಕ ಇಳಿಸಿದಳು. ಕಬ್ಬಿಣದ ರೆಕ್ಕೆಯ ಹಕ್ಕಿಯನ್ನು ಪಳಗಿಸಲು ಹೊರಟ ಕಮ್ಮಾರನ ಮಗಳ ಕಥೆ. ಬೆನ್ನ ಮೇಲೆ ಕೆಂಪು ಚುಕ್ಕಿ ಕುಂಕುಮದಂತೆ ಕೂತಿತ್ತು.

"ಬೀಳಿಸಬೇಡ, ಕಾಲು ಮುರಿಯುತ್ತೆ," ಎಂದಳು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು ಹೋದಳು. ಆ ದಿನವಿಡೀ ಮಾಟಗಾತಿ ಮೇಡಂ ಯಾರಿಗೂ ಬೈಯಲಿಲ್ಲ. ತಾನು ಗೆದ್ದೆ ಎಂದುಕೊಂಡಿದ್ದಳು.

ಮುಂದಿನ ಬುಧವಾರಕ್ಕೆ ಇನ್ನೂ ಎರಡು ದಿನ ಇರುವಾಗಲೇ ಟೀಚರ್ ಒಬ್ಬಳೇ ಬಂದಳು. ಪುಸ್ತಕವನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟಳು.

"ತಗೋ ನಿನ್ನ ಹಕ್ಕಿ."

"ಅವಳು ಓದಿ ಮುಗಿಸಿದ್ಲಾ?"

"ಮುಗಿಸೋದಾ? ದೊಡ್ಡಮ್ಮ, ಆ ಹುಡುಗಿಗೆ ಒಂದು ಸಾಲು ನೆಟ್ಟಗೆ ಓದಕ್ಕೆ ಬರಲ್ಲ. ಒತ್ತಕ್ಷರ ಬಂದ್ರೆ ನಿಂತೇ ಹೋಗ್ತಾಳೆ. ಇವತ್ತು ಎಲ್ರೂ ತಂತಮ್ಮ ಪುಸ್ತಕದಿಂದ ಒಂದೊಂದು ಪ್ಯಾರಾ ಓದಬೇಕಿತ್ತು. ಇವಳು ಈ ಇಟ್ಟಿಗೆ ಎತ್ಕೊಂಡು ನಿಂತ್ಲು. ಬಾಯಿಂದ ಒಂದು ಮಾತು ಹೊರಡಲಿಲ್ಲ. ಎಲ್ರೂ ಬಿದ್ದು ಬಿದ್ದು ನಕ್ರು. ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೊಂಡೋಳು ಅವರಮ್ಮ ಬರೋ ತನಕ ಬಾಗಿಲು ತೆಗೀಲಿಲ್ಲ."

"ಅವಳನ್ನ ಎದ್ದು ನಿಲ್ಲು ಅಂದೋರು ಯಾರು?"

"ಅವಳ ಕೈಗೆ ಇದನ್ನ ಕೊಟ್ಟೋರು ಯಾರು?"

"ನೀನು ಚುಕ್ಕಿ ಅಂಟಿಸಿ ಮಗೂನ ಬೀದೀಲಿ ನಿಲ್ಲಿಸಿದ್ದೆ. ನಾನು ಅದನ್ನ ಕಿತ್ತೆ, ಅಷ್ಟೇ."

"ನೀನು ಚುಕ್ಕಿ ಕಿತ್ತೆ, ಓದೋದು ಕಲಿಸಿದ್ಯಾ?" ಟೀಚರ ದನಿ ಏರಿತು. "ನೀನು ಪುಸ್ತಕ ಕೊಟ್ಟು ಕೈ ತೊಳ್ಕೋತೀಯ. ಉಳಿದ ದಿನವೆಲ್ಲ ಅವಳ ಜೊತೆ ಏಗೋಳು ನಾನು. ಹಸಿರು ಚುಕ್ಕಿಯ ತೆಳ್ಳನೆ ಪುಸ್ತಕ ಹಿಡ್ಕೊಂಡು ದಿನಕ್ಕೆ ನಾಲ್ಕು ಸಾಲಾದ್ರೂ ಓದ್ತಿದ್ಲು, ಗೊತ್ತಾ? ಈಗ ಪುಸ್ತಕ ಅಂದ್ರೇನೇ ಬೇಡ ಅಂತಾಳೆ. ನಂಗೆ ಸಿಕ್ಕಿದ್ದನ್ನೂ ಕಳೆದೆ ನೀನು."

"ನನ್ನ ಮನೇಲಿ ಬೆಳೆದೋಳು ನೀನು. ನಾನು ನಿಂಗೆ ಯಾವತ್ತಾದ್ರೂ ಚುಕ್ಕಿ ಹಚ್ಚಿದ್ನಾ?"

"ನಂಗೆ ಓದಕ್ಕೆ ಬರ್ತಿತ್ತು ದೊಡ್ಡಮ್ಮ!"

ಅಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೋದಳು. ಮಾಟಗಾತಿ ಮೇಡಂ ಸಿಟ್ಟಿನಲ್ಲಿ ಕೂತಿದ್ದಳು. ನಕ್ಕ ಮಕ್ಕಳನ್ನು, ಕಚೇರಿಯವರನ್ನು, ನಿನ್ನೆ ಮೊನ್ನೆ ಹುಟ್ಟಿ ತನಗೇ ಪಾಠ ಹೇಳಲು ಬಂದ ತಂಗಿಯ ಮಗಳನ್ನು ಒಬ್ಬೊಬ್ಬರನ್ನಾಗಿ ಬೈದುಕೊಂಡಳು. ಬೈದು ಮುಗಿದ ಮೇಲೂ ಸಿಟ್ಟು ಇಳಿಯಲಿಲ್ಲ. ಸಂಜೆ ವಿಭಾಗಕ್ಕೆ ಬೀಗ ಹಾಕಿ, ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡು, ಮೂರು ಬೀದಿಯಾಚೆಯ ಲಾಂಡ್ರಿಗೆ ನಡೆದಳು. ಹುಡುಗಿಯನ್ನು ಮತ್ತೆ ಓದಿಗೆ ಎಳೆದು ತಂದೇ ತೀರುವುದೆಂದು ಹೊರಟಿದ್ದಳು. ಹೇಗೆಂದು ಆಕೆಗೂ ತಿಳಿದಿರಲಿಲ್ಲ.

ಲಾಂಡ್ರಿ ಎಂದರೆ ಒಂದೇ ಕೋಣೆ. ಗೋಡೆಯುದ್ದಕ್ಕೂ ತಂತಿ, ತಂತಿಯ ತುಂಬ ಬೇರೆಯವರ ಅಂಗಿಗಳು, ನಡುವೆ ಹಾಸಿದ ಕಂಬಳಿಯ ಮೇಲೆ ಹಬೆಯುಗುಳುವ ಇಸ್ತ್ರಿಪೆಟ್ಟಿಗೆ. ಲಾಂಡ್ರಿಯವಳು ತಲೆಯೆತ್ತಿದಳು.

"ನೀವೇನಾ ಮಾಟಗಾತಿ ಮೇಡಂ?"

"ನಾನೇ. ನಿಮ್ಮ ಮಗಳೆಲ್ಲಿ?"

"ಅಲ್ಲಿ ನೋಡಿ, ಬಟ್ಟೆ ಗಂಟಿನ ಹಿಂದೆ. ಶಾಲೆಯಿಂದ ಕರ್ಕೊಂಡು ಬಂದಾಗಿಂದ ಮುಖ ಊದಿಸ್ಕೊಂಡು ಕೂತವಳೆ. ನಾನು ಎರಡು ಕೊಟ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ."

ಗಂಟಿನ ಹಿಂದಿನಿಂದ ಎರಡು ಕಣ್ಣು ಕಂಡವು. ಮಾಟಗಾತಿ ಮೇಡಂ ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದಳು.

"ಯಾರ ಮೇಲೆ ಸಿಟ್ಟು?"

"ನಿಮ್ಮ ಮೇಲೆ."

ಲಾಂಡ್ರಿಯವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಹಂಗೆಲ್ಲ ಮಾತಾಡ್ತಾರೇನೇ ದೊಡ್ಡೋರ ಹತ್ರ?" ಎಂದಳು ತಾಯಿ.

"ಮಾತಾಡ್ಲಿ ಬಿಡಿ."

"ನೀವು ಯಾರ ಮೇಲೆ ಸಿಟ್ಟು ಅಂತ ಕೇಳಿದ್ರಿ. ಓದಕ್ಕೆ ಬರುತ್ತಾ ಅಂತ ಕೇಳಲಿಲ್ಲ." ಹುಡುಗಿ ಗಂಟಿನ ಹಿಂದಿನಿಂದಲೇ ಹೇಳಿದಳು. "ಕೇಳಿದ್ರೆ ಹೇಳ್ತಿದ್ದೆ. ನೀವು ಕೊಟ್ರಲ್ಲ, ನಂಗೆ ಬರುತ್ತೆ ಅಂತ ನಿಮ್ಗೆ ಗೊತ್ತಿದೆ ಅಂದ್ಕೊಂಡೆ."

ಈ ಸಿಟ್ಟಿಗೆ ಕೊಡುವಂಥ ಪುಸ್ತಕ ಆಕೆಯ ಯಾವ ಕಪಾಟಿನಲ್ಲೂ ಇರಲಿಲ್ಲ. ಇಷ್ಟು ಕಾಲ ತನ್ನ ಪ್ರಶ್ನೆಯ ಜಾಣತನಕ್ಕೆ ತಾನೇ ಬೀಗಿದ್ದಳು. ಎಷ್ಟು ಮಕ್ಕಳು ದಪ್ಪ ಪುಸ್ತಕ ಒಯ್ದು, ತೆರೆಯದೆ ತಂದಿಟ್ಟು, ಚೆನ್ನಾಗಿತ್ತು ಮೇಡಂ ಎಂದು ಸುಳ್ಳು ಹೇಳಿ ಹೋಗಿರಬಹುದು? ಮುದ್ರೆ ಒತ್ತಿ ವಾಪಸು ಪಡೆದವಳು ತಾನೇ. ಸಿಟ್ಟು ಈಗ ಹೋಗಿ ನಿಲ್ಲಬೇಕಾದ ಜಾಗ ಆಕೆಗೆ ಚೆನ್ನಾಗಿ ಕಂಡಿತು, ಕಂಡದ್ದು ಸ್ವಲ್ಪವೂ ಹಿತವಾಗಿರಲಿಲ್ಲ.

"ನಿಂಗೆ ಬರಲ್ಲ ಅಂತ ನಂಗೆ ಗೊತ್ತಿರಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ," ಎಂದಳು. ಕ್ಷಮೆಯ ದನಿ ಆಕೆಗೆ ಅಭ್ಯಾಸವಿರಲಿಲ್ಲ, ಗದರಿದಂತೆಯೇ ಕೇಳಿಸಿತು. "ಎಲ್ಲಿ ತನಕ ಓದಿದೆ?"

"ಓದಿಲ್ಲ."

"ಸುಳ್ಳು. ಒಂದಿಷ್ಟು ಪುಟದ ಅಂಚೆಲ್ಲ ಬೆರಳ ಗುರುತು."

ತಾಯಿಯೇ ಹೇಳಿದಳು: "ದಿನಾ ಇಲ್ಲೇ ಕೂತು ಗುನುಗ್ತಿದ್ಲು ಮೇಡಂ. ಒಂದೊಂದು ಪದಕ್ಕೆ ನಾನೊಂದು ಅಂಗಿ ಇಸ್ತ್ರಿ ಮುಗಿಸ್ತಿದ್ದೆ."

"ಎಲ್ಲಿ ತನಕ?"

"ಕುಲುಮೆ ಆರಿಸ್ತಾಳಲ್ಲ, ಅಲ್ಲಿ ತನಕ," ಎಂದಳು ಹುಡುಗಿ.

ಮಾಟಗಾತಿ ಮೇಡಂ ಬಟ್ಟೆ ಗಂಟೊಂದರ ಮೇಲೆ ಕೂತು, ಕುಲುಮೆ ಆರಿದ ಪುಟ ತೆರೆದು, ಕೇಳದೆಯೇ ಓದತೊಡಗಿದಳು. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದೆಂದರೆ ಆಕೆಗೆ ಆಗದು, ನಾಟಕವೆಂದು ಮೂಗು ಮುರಿಯುತ್ತಿದ್ದವಳು. ದನಿ ಸಭೆಯ ವರದಿ ಓದಿದಂತಿತ್ತು. ಲಾಂಡ್ರಿಯವಳು, "ಸ್ವಲ್ಪ ಜೋರಾಗಿ ಮೇಡಂ, ಹಬೇಲಿ ಕೇಳಿಸಲ್ಲ," ಎಂದಳು. ಹುಡುಗಿ ಇನ್ನೂ ಗಂಟಿನ ಹಿಂದೆಯೇ ಇದ್ದಳು, ಆದರೆ ಗಂಟು ತುಸು ಇತ್ತ ಸರಿದಿತ್ತು.

ಮರುದಿನ ಆಕೆ ಶಾಲೆಗೆ ಹೋಗಿ ತಂಗಿಯ ಮಗಳನ್ನು ವರಾಂಡಕ್ಕೆ ಕರೆದಳು.

"ನೀನು ಹೇಳಿದ್ದು ಸರಿ. ಅವಳಿಗೆ ಓದಕ್ಕೆ ಬರಲ್ಲ. ಪುಸ್ತಕ ಅವಳ ಹತ್ರಾನೇ ಇರುತ್ತೆ, ನಾನು ದಿನಾ ಸಂಜೆ ಹೋಗ್ತೀನಿ. ಅವಳಾಗೇ ಕೇಳೋ ತನಕ ಎದ್ದು ನಿಲ್ಲಿಸಬೇಡ."

"ಚುಕ್ಕಿ?"

"ಚುಕ್ಕಿ ವಿಷಯದಲ್ಲಿ ನೀನು ಮೂರ್ಖಳು, ನಿಮ್ಮ ಕಚೇರಿಯವರು ನಿನಗಿಂತ. ಅದರಲ್ಲಿ ಬದಲಾವಣೆ ಇಲ್ಲ."

ಟೀಚರ್ ತುಟಿ ಕಚ್ಚಿಕೊಂಡಳು. "ಆಯ್ತು, ನಿಲ್ಲಿಸಲ್ಲ. ಆದ್ರೆ ನೀನು ತಪ್ಪೊಪ್ಪಿಕೊಂಡೆ ಅಂತ ಅಮ್ಮನಿಗೆ ಫೋನ್ ಮಾಡ್ತೀನಿ. ನಂಬಲ್ಲ ಅವಳು."

"ಮಾಡ್ಕೋ ಹೋಗು."

ಆ ಕಾದಂಬರಿ ಮುಗಿಯಲು ತಿಂಗಳುಗಳೇ ಹಿಡಿದವು. ಮೊದಮೊದಲು ಹುಡುಗಿ ಕೇಳಿಸಿಕೊಳ್ಳುತ್ತಿದ್ದಳಷ್ಟೇ. ಆಮೇಲೆ ಪುಟಕ್ಕೊಂದು ಸಾಲು, ಆಮೇಲೆ ಎರಡು. ತೊಡರಿದ ಕಡೆ ಮಾಟಗಾತಿ ಮೇಡಂ ಬಾಯಿ ಹಾಕಿದರೆ ಹುಡುಗಿಗೆ ಕೆಂಡಾಮಂಡಲ ಕೋಪ. ಕಬ್ಬಿಣದ ಹಕ್ಕಿ ಕೊನೆಗೂ ಕಮ್ಮಾರನ ಮಗಳ ಎದುರು ಬಂದಿಳಿದ ಸಂಜೆ, ಆಕೆ ಎಂದಿನಂತೆ ಓದಲು ಗಂಟಲು ಸರಿಮಾಡಿಕೊಂಡಳು. ಹುಡುಗಿ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ನಂದು. ನೀವು ಸುಮ್ನೆ ಕೂತ್ಕೊಳ್ಳಿ, ಹೇಳಿಕೊಡಬೇಡಿ."

ಆಕೆ ಸುಮ್ಮನೆ ಕೂತಳು. ಹುಡುಗಿ ಓದತೊಡಗಿ ಒಂದು ಪದದ ಮೇಲೆ ಬೆರಳಿಟ್ಟು ತಡೆದಳು, ಬಹಳ ಹೊತ್ತು ತಡೆದಳು. ಲಾಂಡ್ರಿಯವಳು ಒಂದು ಅಂಗಿ ಮಡಿಸಿದಳು, ಇನ್ನೊಂದನ್ನು ಹರಡಿದಳು. ಮಾಟಗಾತಿ ಮೇಡಂ ಹಲ್ಲು ಕಚ್ಚಿ ತುಟಿ ಬಿಗಿದಿದ್ದಳು. ಕೊನೆಗೆ ಬೆರಳು ಮುಂದಕ್ಕೆ ಸರಿಯಿತು.