ಕಿವಿ ಮುಟ್ಟಿದರೆ ಆರು ವರ್ಷ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮರಿಮಗಳು ಫ್ರಾಕಿನೊಳಗೆ ಸಿಕ್ಕಿಹಾಕಿಕೊಂಡಿದ್ದಳು. ಬಲಗೈ ನೆತ್ತಿಯ ಮೇಲಿಂದ ಹಾದು ಎಡಗಿವಿಯನ್ನು ಹಿಡಿದುಕೊಂಡಿತ್ತು. ಅವಳಮ್ಮ ಬಿಡಿಸಲು ಓಡಿಬಂದರೆ ನಾನು ಕುರ್ಚಿಯಲ್ಲಿ ಕೂತಲ್ಲಿಂದಲೇ, "ಆರು ವರ್ಷ, ಬರ್ಕೊಳ್ಳಿ" ಎಂದುಬಿಟ್ಟೆ. ಮಗುವಿಗೆ ಇನ್ನೂ ನಾಲ್ಕೂವರೆ. ಎಂಬತ್ತು ದಾಟಿದವನು ಹೀಗೆ ಏನಾದರೂ ಅಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೆ ಬೇಸರಪಡುವುದನ್ನು ನಾನು ಬಿಟ್ಟಿದ್ದೇನೆ.

ನಿಮಗಾದರೂ ಬಿಡಿಸಿ ಹೇಳುತ್ತೇನೆ. ಅರವತ್ತರ ದಶಕದಲ್ಲಿ ನಾನು ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ ಏಕೋಪಾಧ್ಯಾಯ ಶಾಲೆಯ ಮಾಸ್ತರ. ಹೆಡ್ ಮಾಸ್ತರನೂ ನಾನೇ, ಗಂಟೆ ಹೊಡೆಯುವವನೂ ನಾನೇ. ಮಗುವನ್ನು ಸೇರಿಸಲು ಬಂದ ಅಪ್ಪಂದಿರನ್ನು ವಯಸ್ಸೆಷ್ಟು ಎಂದು ಕೇಳಿದರೆ, "ನೀವೇ ನೋಡಿ ಬರ್ಕಳಿ" ಅನ್ನುತ್ತಿದ್ದರು. ನೋಡುವ ಕ್ರಮ ಒಂದೇ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತು, ಮುಟ್ಟದಿದ್ದರೆ ಬರುವ ವರ್ಷ ಬಾ. ಹುಟ್ಟಿದ ತಾರೀಕು ಎಲ್ಲರಿಗೂ ಜೂನ್ ಒಂದು. ನನ್ನ ಶಾಲೆಯ ಮೂವತ್ತಾರು ಮಕ್ಕಳೂ ಜೂನ್ ಒಂದರಂದೇ ಹುಟ್ಟಿದವರು. ಆ ದಿನ ನಮ್ಮ ಊರಿನ ಸೂಲಗಿತ್ತಿಗೆ ಉಸಿರಾಡಲೂ ಪುರುಸೊತ್ತು ಇರಲಿಲ್ಲವೇನೋ.

ಗೇಣಿ ಗದ್ದೆ ಮಾಡುತ್ತಿದ್ದ ಕೆರಿಯಪ್ಪ ತನ್ನ ಮಗಳು ಗೌರಿಯನ್ನು ಕರೆತಂದಾಗಲೂ ಹಾಗೇ ಮಾಡಿದೆ. ಕೆರಿಯಪ್ಪನದು ಮೊಣಕಾಲು ಮುಟ್ಟುವ ತೋಳು, ಮಗಳಿಗೂ ಅದೇ ಬಂದಿತ್ತು. ಐದು ತುಂಬದ ಹುಡುಗಿ ಕಿವಿಯನ್ನು ಮುಟ್ಟಿದ್ದಲ್ಲದೆ ಹಿಡಿದು ಎಳೆದೂ ತೋರಿಸಿದಳು. ಆರು ವರ್ಷ ಎಂದು ಚೆಂದದ ಅಕ್ಷರದಲ್ಲಿ ಬರೆದೆ. ನನ್ನ ಅಕ್ಷರದ ಬಗ್ಗೆ ಆಗ ನನಗೆ ಬಹಳ ಜಂಬವಿತ್ತು.

ಆ ಹುಡುಗಿಯ ತಲೆ ಎಂಥದ್ದೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಒಂದು ದಿನ ಶಾಲೆಯ ಮಾಡಿಗೆ ಹೆಂಚು ಎಷ್ಟಿವೆ ಎಣಿಸಿರೋ ಎಂದು ಮಕ್ಕಳನ್ನು ಅಂಗಳಕ್ಕೆ ಅಟ್ಟಿದ್ದೆ. ನಿಜ ಹೇಳಬೇಕೆಂದರೆ ನನಗೆ ಒಂದು ಗಳಿಗೆ ಕಣ್ಣು ಮುಚ್ಚಬೇಕಿತ್ತು. ಕಣ್ಣು ಮುಚ್ಚುವ ಮೊದಲೇ ಗೌರಿ ಬಂದು ಲೆಕ್ಕ ಒಪ್ಪಿಸಿದಳು. ಉದ್ದಕ್ಕೆ ಒಂದು ಸಾಲು ಎಣಿಸಿದ್ದಳು, ಅಡ್ಡಕ್ಕೆ ಒಂದು ಸಾಲು ಎಣಿಸಿದ್ದಳು, ಒಂದನ್ನು ಇನ್ನೊಂದರಷ್ಟು ಸಲ ಕೂಡಿದ್ದಳು. ಗುಣಾಕಾರವನ್ನು ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ನಡುವೆ ತಮ್ಮನನ್ನು ಆಡಿಸಲೆಂದು ಕೆರಿಯಪ್ಪ ಅವಳನ್ನು ಒಂದು ವರ್ಷ ಶಾಲೆ ಬಿಡಿಸಿದ. ನಾನು ಅವನ ಗದ್ದೆಯ ಬದುವಿನಲ್ಲಿ ನಿಂತು ಜಗಳವಾಡಿ ವಾಪಸ್ ಕರೆಸಿದೆ.

ಅವಳು ನಾಲ್ಕನೇ ಇಯತ್ತೆ ಮುಗಿಸುವ ಹೊತ್ತಿಗೆ ಸಾಗರದಲ್ಲಿ ಚುರುಕು ಮಕ್ಕಳಿಗೆಂದು ವಿಶೇಷ ತರಗತಿ ಶುರುವಾಯಿತು. ವಿಜ್ಞಾನಕ್ಕೆ ಬೇರೆ ಮೇಷ್ಟರು, ಹಾಸ್ಟೆಲು, ಊಟ, ಪುಸ್ತಕ ಎಲ್ಲ ಸರ್ಕಾರದ್ದೇ. ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ನನ್ನ ಹೊಸ ಪಂಚೆಯ ಮೇಲೆ ವಾಂತಿ ಮಾಡಿದಳು, ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ಹದಿನೈದು ದಿನ ಬಿಟ್ಟು ಕಾಗದ ಬಂತು: ವಯೋಮಿತಿ ಮೀರಿದ ಕಾರಣ ಅರ್ಜಿ ತಿರಸ್ಕೃತ. ಜೂನ್ ಒಂದಕ್ಕೆ ಹನ್ನೊಂದು ತುಂಬಿರಬಾರದಂತೆ. ನನ್ನ ರಿಜಿಸ್ಟರಿನ ಪ್ರಕಾರ ಅವಳಿಗೆ ಅವತ್ತೇ ತುಂಬುತ್ತಿತ್ತು. ಜೂನ್ ಎರಡು ಎಂದು ಬರೆದಿದ್ದರೂ ಸೀಟು ಸಿಗುತ್ತಿತ್ತು. ನನ್ನ ಚೆಂದದ ಅಕ್ಷರಕ್ಕೆ ಬೆಂಕಿ ಹಾಕ.

ಮೇಲ್ಮನವಿ ಹಿಡಿದು ಸಾಗರದ ವಿದ್ಯಾ ಇಲಾಖೆಯ ಆಫೀಸಿಗೆ ಹೋದೆ. ಸಾಹೇಬರು ಮೈಸೂರಿನ ಕಡೆಯವರು, ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವ ಮನುಷ್ಯ.

"ರಿಜಿಸ್ಟರ್ ಬರೆದೋರು ಯಾರು?" ಎಂದರು.

"ನಾನೇ ಸಾರ್."

"ಅದು ತಪ್ಪು ಅಂತ ಹೇಳ್ತಿರೋರು?"

"ನಾನೇ."

"ಹಾಗಾದ್ರೆ ನಾನು ಯಾವ ಮೇಷ್ಟರನ್ನ ನಂಬಲಿ, ಹೇಳಿ."

ಎರಡನೇ ಸಲ ಕೆರಿಯಪ್ಪನನ್ನೇ ಕರೆದೊಯ್ದೆ. ಅವನು ಕೈಮುಗಿದು, "ಗೌರಿ ಹಬ್ಬದ ಹಿಂದಿನ ದಿನ ಹುಟ್ಟಿದ್ದು ಸ್ವಾಮಿ. ಅದ್ಕೇ ಆ ಹೆಸ್ರು ಇಟ್ಟಿದ್ದು" ಎಂದ. ಸಾಹೇಬರು ಕನ್ನಡಕ ಒರೆಸಿಕೊಂಡು, "ಗೌರಿ ಹಬ್ಬ ಪ್ರತಿ ವರ್ಷ ಬರತ್ತಪ್ಪ. ಯಾವ ವರ್ಷದ್ದು?" ಎಂದರು. ಕೆರಿಯಪ್ಪ ನನ್ನ ಮುಖ ನೋಡಿದ. ಯಾವ ವರ್ಷ ಎನ್ನುವುದಕ್ಕೆ ಅವನಲ್ಲಿದ್ದ ಗುರುತು, ಗದ್ದೆಯ ಒಡೆಯರ ಬಿಳಿ ಎತ್ತು ಸತ್ತ ವರ್ಷ ಎಂಬುದೊಂದೇ. ಜಾತಕ ಇದ್ದರೆ ತನ್ನಿ, ನೋಡೋಣ ಎಂದರು ಸಾಹೇಬರು. ಗೇಣಿಯವನ ಮಗಳಿಗೆ ಯಾರು ಜಾತಕ ಬರೆಸಿದ್ದರು?

ನನ್ನ ಸೋದರಮಾವ ತೀರ್ಥಹಳ್ಳಿಯ ಹತ್ತಿರ ಮೇಳಿಗೆಯಲ್ಲಿದ್ದರು, ಜಾತಕ ಬರೆಯುವುದೇ ಅವರ ಕಸುಬು. ಸಂಗತಿ ಕೇಳಿ ಅವರು ನಕ್ಕುಬಿಟ್ಟರು. "ಇದಕ್ಕೆಂತಕ್ಕೆ ತಲೆ ಕೆಡಿಸ್ಕೊಳ್ತೀಯ ಮಾರಾಯ? ಹಳೇ ಕಾಗದ ಉಂಟು, ಒಂದು ಬರೆದು ಅಟ್ಟದ ಹೊಗೇಲಿ ನಾಲ್ಕು ದಿನ ಇಟ್ರೆ ಮುಗೀತು" ಎಂದರು. ನಾನು ರೇಗಿಬಿಟ್ಟೆ. ಸುಳ್ಳು ಕಾಗದ ನನ್ನಿಂದ ಆಗುವುದಿಲ್ಲ ಎಂದು ಅವರ ಜಗಲಿಯಲ್ಲೇ ಭಾಷಣ ಮಾಡಿ, ಊಟವನ್ನೂ ಮಾಡದೆ ಹೊರಟೆ. ಮೂವತ್ತಾರು ಸುಳ್ಳು ತಾರೀಕು ಬರೆದವನ ಸತ್ಯನಿಷ್ಠೆ ನೋಡಿ.

ಹೊಗೆ ಹಾಕಿದ ಸುಳ್ಳು ಕಾಗದವಾದರೆ ನಂಬುತ್ತಾರೆ, ಕಣ್ಣೆದುರು ನಿಂತ ಅಪ್ಪನ ಮಾತನ್ನು ನಂಬುವುದಿಲ್ಲ. ಈ ಸಿಟ್ಟಿನಲ್ಲಿ ಒಂದು ಹೇಳಿಕೆ ಬರೆದೆ: ಈ ಮಗುವಿನ ಜನನ ದಿನಾಂಕವನ್ನು ನಾನು ಕಿವಿ ಮುಟ್ಟಿಸಿ ಊಹೆಯಿಂದ ಬರೆದಿದ್ದೇನೆ, ಅದು ತಪ್ಪು, ತಪ್ಪು ನನ್ನದು. ಸಹಿ ಹಾಕಿ, ಕೆರಿಯಪ್ಪನನ್ನು ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂರಿಸಿ, ನಾನೊಬ್ಬನೇ ಒಳಗೆ ಹೋದೆ.

ಸಾಹೇಬರು ಅದನ್ನು ಎರಡು ಸಲ ಓದಿದರು. "ನಿಮ್ಮ ಶಾಲೇಲಿ ಎಷ್ಟು ಮಕ್ಕಳು?"

"ಮೂವತ್ತಾರು ಸಾರ್."

"ಎಲ್ಲರದ್ದೂ ಕಿವೀನೇ?"

"ಹೌದು ಸಾರ್."

"ನೋಡಿ ಮೇಷ್ಟ್ರೇ, ಈ ಕಾಗದ ನಾನು ತಗೊಂಡ್ರೆ ಹುಡುಗಿಗೆ ಸೀಟು ಕೊಡ್ತೀನಿ. ಆದ್ರೆ ಇದನ್ನ ಮೇಲಕ್ಕೂ ಕಳಿಸ್ಬೇಕಾಗತ್ತೆ. ವಿಚಾರಣೆ ಮುಗಿಯೋವರೆಗೂ ನೀವು ಶಾಲೆಗೆ ಕಾಲಿಡೋ ಹಾಗಿಲ್ಲ. ನೀವಿನ್ನೂ ಖಾಯಂ ಆಗಿಲ್ಲ ಅಲ್ವಾ?"

ಆಗಿರಲಿಲ್ಲ. ಅವರು ಕಾಗದವನ್ನು ಮೇಜಿನ ನಡುವೆ ಇಟ್ಟು, ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಹೊರಗೆ ಬಂದು ಕೆರಿಯಪ್ಪನಿಗೆ, "ಆಗಲ್ಲ ಅಂದ್ರು" ಎಂದೆ. ಅವನು ಎದ್ದು ಪಂಚೆ ಕೊಡವಿಕೊಂಡು, "ಹೋಗ್ಲಿ ಬಿಡಿ ಮಾಸ್ತ್ರೇ, ನೀವು ಇಷ್ಟು ಓಡಾಡಿದ್ರಲ್ಲ" ಎಂದ. ವಾಪಸ್ ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಸಾಹೇಬರನ್ನು ಬೈದೆ. ಆಮೇಲೂ ಬೈದೆ. ಮದುವೆ ಮನೆಗಳಲ್ಲಿ, ಶಿಕ್ಷಕರ ಸಭೆಗಳಲ್ಲಿ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕೂಡ ಅವರನ್ನೇ ಬೈದೆ. ಕಲ್ಲಿನಂಥ ಆಫೀಸು, ಒಂದು ದಿನಕ್ಕೋಸ್ಕರ ಒಂದು ಮಗುವನ್ನು ಕೆಡಿಸಿತು ಎಂದು ಕಥೆ ಹೇಳಿ ಜನರ ಕಣ್ಣಲ್ಲಿ ನೀರು ತರಿಸಿದ್ದೇನೆ. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ ಕೈ ಯಾರದೆಂದು ಮಾತ್ರ ಎಲ್ಲೂ ಹೇಳಲಿಲ್ಲ.

ಇವತ್ತು ಮರಿಮಗಳ ಅಮ್ಮ ಮಗುವನ್ನು ಫ್ರಾಕಿನಿಂದ ಬಿಡಿಸಿ, "ಎಂತದು ಅಜ್ಜ, ಆರು ವರ್ಷ ಅಂದ್ರೆ?" ಎಂದು ಕೇಳಿದಳು. ಹಳೆಯ ಕಥೆಯನ್ನೇ ಶುರುಮಾಡಿದೆ. ಸಾಹೇಬರ ಮೇಜಿನವರೆಗೆ ಬಂದು ಅಲ್ಲಿಗೇ ನಿಲ್ಲಿಸಿದೆ. ಎದ್ದು ಒಳಗೆ ಹೋಗಿ ಗೌರಿಗೆ ಫೋನ್ ಮಾಡಿದೆ. ಅವಳು ಊರ ಹತ್ತಿರದ ಹೈಸ್ಕೂಲಿನಲ್ಲಿ ಓದಿ, ದಾದಿಯಾಗಿ, ನನ್ನ ರಿಜಿಸ್ಟರಿನ ದಯೆಯಿಂದ ಒಂದು ವರ್ಷ ಮೂರು ತಿಂಗಳು ಮೊದಲೇ ನಿವೃತ್ತಳಾಗಿ ಸಾಗರದಲ್ಲಿದ್ದಾಳೆ. ಹಬ್ಬಕ್ಕೆ ತಪ್ಪದೆ ಅವಳೇ ಫೋನ್ ಮಾಡುತ್ತಾಳೆ. ನಾನು ಮಾಡಿದ್ದು ಇದೇ ಮೊದಲು.

"ಗೌರಿ, ಅವತ್ತು ಸಾಹೇಬ್ರು ಆಗಲ್ಲ ಅಂದಿರಲಿಲ್ಲ. ಕಾಗದ ನಾನೇ ವಾಪಸ್ ತಗೊಂಡೆ."

"ಗೊತ್ತು ಮಾಸ್ತ್ರೇ" ಎಂದಳು. "ಅಪ್ಪ ಕಿಟಕಿ ಬುಡದಲ್ಲೇ ಕೂತಿದ್ನಲ್ಲ, ಎಲ್ಲ ಕೇಳಿಸ್ಕಂಡಿದ್ದ. ನಿಮ್ಮನ್ನ ಹೋಗಿ ಕೇಳ್ತೀನಿ ಅಂತ ನಾನು ಅತ್ತು ರಂಪ ಮಾಡಿದ್ದೆ, ಬಿಡ್ಲಿಲ್ಲ. ಮಾಸ್ತ್ರು ಹೋದ್ರೆ ಶಾಲೆಗೆ ಬೀಗ ಬೀಳ್ತದೆ, ತಮ್ಮ ಎಲ್ಲಿ ಓದ್ತಾನೆ, ಸುಮ್ನಿರು ಅಂದ. ಆ ತಮ್ಮನೋ, ಐದನೇ ಕ್ಲಾಸಿಗೇ ಬಿಟ್ಟ."

ನಾನು ಮಂಚದ ಮೇಲೆ ಕೂತೆ. ಇಷ್ಟು ವರ್ಷ ಅಪ್ಪ ಮಗಳಿಬ್ಬರೂ ನನ್ನ ಸುಳ್ಳನ್ನು ಕೇಳಿಸಿಕೊಂಡು ತಲೆದೂಗಿದ್ದರು.

"ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಉಂಟು ಮಾಸ್ತ್ರೇ" ಎಂದಳು ಗೌರಿ. ದನಿ ಏರಲಿಲ್ಲ. "ಈಗ್ಲೂ ಉಂಟು."

ಆಮೇಲೆ ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.