ಕಾಜ ಮುಚ್ಚಿದ ಕೈ

ಹೊಲಿದ ಬಟ್ಟೆಯಲ್ಲಿ ಕಾಲರನ್ನು ಹೊಗಳುವವರಿದ್ದಾರೆ, ತೋಳನ್ನು ಹೊಗಳುವವರಿದ್ದಾರೆ, ಕಾಜವನ್ನು ಹೊಗಳಿದವರಿಲ್ಲ. ಗುಂಡಿ ತೂರುವ ಆ ಪುಟ್ಟ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಕಟ್ಟಿ, ಅದು ಹರಿಯದಂತೆ, ಜಗ್ಗದಂತೆ ಕಾಯುವುದು ತಾಳ್ಮೆಯ ಕೆಲಸ. ಆ ತಾಳ್ಮೆಯನ್ನು ದೇವರು ಎಲ್ಲರ ಕೈಗೂ ಇಟ್ಟಿಲ್ಲ. ಕಾಜದಕ್ಕನ ಕೈಗೆ ಇಟ್ಟಿದ್ದ. ಮೆಟ್ಟಿಲ ಕೆಳಗಿನ ಟೈಲರ್ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಕೊರಳಿಗೆ ಪುಟ್ಟ ಕತ್ತರಿ ತೂಗುಹಾಕಿಕೊಂಡು, ಹನ್ನೊಂದು ವರ್ಷದಿಂದ ಅವಳು ಕೋಟುಗಳಿಗೆ ಕಾಜ ಹಾಕುತ್ತಿದ್ದಳು. ಗಂಡ ಲಾರಿ ಓಡಿಸುವವನು, ತಿಂಗಳಿಗೆರಡು ದಿನ ಮನೆಯಲ್ಲಿ ಕಂಡರೆ ಹೆಚ್ಚು. ಉಳಿದ ದಿನಗಳಲ್ಲಿ ಅವಳು ಮತ್ತು ಮಗಳು, ಇಬ್ಬರೇ.

ಮಗಳಿಗೆ ಒಂಬತ್ತು ವರ್ಷ. ಬುದ್ಧಿ ನಿಧಾನವಾಗಿ ಅರಳುವ ಮಗು. ಮಾತು ಬೆರಳೆಣಿಕೆಯಷ್ಟು, ಬಾಗಿಲು ತೆರೆದಿದ್ದರೆ ಬೀದಿಗೆ ಓಟ. ಇಂಥ ಮಕ್ಕಳಿಗಾಗಿ ಇರುವ ಹಗಲು ಕೇಂದ್ರದಲ್ಲಿ ಜಾಗ ಸಿಗುವ ಮೊದಲು ಎರಡು ವರ್ಷ, ತಾಯಿ ತನ್ನ ದುಪಟ್ಟದ ಒಂದು ತುದಿಯನ್ನು ಮಗುವಿನ ಸೊಂಟಕ್ಕೂ ಇನ್ನೊಂದು ತುದಿಯನ್ನು ಅಂಗಡಿಯ ಹೊಲಿಗೆ ಯಂತ್ರದ ಕಾಲಿಗೂ ಕಟ್ಟಿ ಕೆಲಸ ಮಾಡಿದ್ದಳು. ಆ ಕಬ್ಬಿಣದ ಕಾಲಿನಲ್ಲಿ ಬಣ್ಣ ಸವೆದ ಬಳೆಯಂಥ ಗುರುತು ಈಗಲೂ ಇದೆ. ಕಾಜದಕ್ಕ ಅತ್ತ ನೋಡುವುದಿಲ್ಲ.

ಕೇಂದ್ರಕ್ಕೆ ಸೇರಿದ ಮೇಲೆ ಮಗು ಒಂದೆಡೆ ಕೂರಲು ಕಲಿಯಿತು. ತಾಯಿಗೂ ಆಸೆ ಹುಟ್ಟಿತು. ಕಂಬಳಿಯ ತುಂಡೊಂದಕ್ಕೆ ಅಂಚೆ ಡಬ್ಬಿಯ ಬಾಯಿಯಷ್ಟು ಅಗಲದ ಕಾಜ ಹಾಕಿ, ಕೋಟಿನ ದಪ್ಪ ಗುಂಡಿಯೊಂದನ್ನು ಮಗಳ ಬೆರಳಿಗಿಟ್ಟು, ತೂರಿಸಲು ಕಲಿಸತೊಡಗಿದಳು. ಎರಡು ತಿಂಗಳಿಗೊಮ್ಮೆ ಕಾಜ ಒಂದು ಎಳೆ ಚಿಕ್ಕದಾಗುತ್ತಿತ್ತು, ಗುಂಡಿ ಒಂದು ಅಳತೆ ಕಿರಿದಾಗುತ್ತಿತ್ತು. ಎಲ್ಲಾದರೂ ದಾರ ಅಡ್ಡ ಬಂದರೆ ಮಗು ಅಂಚನ್ನು ಎತ್ತಿ ತೋರಿಸಿ "ಹಾಳು" ಎನ್ನುತ್ತಿತ್ತು. ತಾಯಿ ಕೊರಳ ಕತ್ತರಿಯಿಂದ ಬಿಡಿಸಿಕೊಡುತ್ತಿದ್ದಳು. ಹೀಗೆ ಹದಿನಾಲ್ಕು ತಿಂಗಳು. ಪ್ರತಿ ಬೆಳಿಗ್ಗೆ ಅವಳ ಪ್ರಾರ್ಥನೆ ಒಂದೇ: "ಅಪ್ಪಾ ತಂದೆ, ಈ ಬೆರಳುಗಳಿಗೆ ದಾರಿ ತೋರಿಸು." ಒಂದು ದಿನ ಅಂಗಡಿಯಲ್ಲೇ ಅಂಗಿಯ ಗುಂಡಿಯೊಂದು ಕಾಜದಾಚೆ ತಲೆ ಹಾಕಿತು. ಮಗು ಕೂಗಿತು: "ಬಂತು!"

ಅಂಗಡಿಯ ಯಜಮಾನರಾದ ಮಾಸ್ಟರು ಕತ್ತರಿ ಕೆಳಗಿಟ್ಟು ನಕ್ಕರು. "ಊರವರೆಲ್ಲ ಗುಂಡಿಗೆ ಬಿದ್ದು ಕಾಲು ಮುರ್ಕೋತಾರೆ. ನಿನ್ನ ಮಗಳು ನೋಡಕ್ಕ, ಗುಂಡಿನೇ ಬೀಳಿಸ್ತಾಳೆ!" ಅಂದಿನಿಂದ ಅವರ ಬಾಯಲ್ಲಿ ಅವಳು 'ಬಂತಮ್ಮ'.

ಸಂತೋಷ ಮೂರು ವಾರ ಇತ್ತು. ಒಂದು ಸಂಜೆ ಮಗುವನ್ನು ಕರೆತರಲು ಹೋದಾಗ ಕೇಂದ್ರದ ಆಯಮ್ಮ ಅವಳನ್ನು ನೀರಿನ ಡ್ರಮ್ಮಿನ ಮರೆಗೆ ಕರೆದಳು.

"ಕಿವಿ ಕೊಡಕ್ಕ ಇಲ್ಲಿ. ಗುರುವಾರ ಮೇಡಂ ಬರ್ತಾರೆ, ವರ್ಷದ ಪರೀಕ್ಷೆಗೆ. ಹೋದ ಸಲ ನಿನ್ನ ಮಗೂಗೆ ಮೂವತ್ತೇಳು ಬಂದಿತ್ತು. ನಲವತ್ತು ದಾಟಿದ್ರೆ, ಇನ್ನು ಶಾಲೆಗೆ ಸೇರಿಸಿ ಅಂತ ಇಲ್ಲಿಂದ ತೆಗೀತಾರೆ. ಗುಂಡಿ ಹಾಕೋದಕ್ಕೇ ನಾಲ್ಕು ಅಂಕ."

"ದಾಟಿದ್ರೆ ಒಳ್ಳೇದಲ್ವಾ? ಕಲಿತಳು ಅಂತ ತಾನೇ ಅರ್ಥ?"

"ಅರ್ಥ ಒಳ್ಳೇದೇ ಕಣಕ್ಕ. ಅರ್ಥದ ಮೇಲೆ ಮಗೂನ ಕೂರಿಸೋಕಾಗುತ್ತಾ? ಎಲ್ಲಿ ಬಿಡ್ತೀಯ ಹೇಳು."

ಮರುದಿನ ಅವಳು ಪಕ್ಕದ ಬೀದಿಯ ಶಾಲೆಗೆ ಹೋದಳು. ಹೆಡ್‌ಮೇಡಂ ಒಳ್ಳೆಯವರೇ, ಕುರ್ಚಿ ಕೊಟ್ಟರು. "ಗುಂಡಿ ಹಾಕ್ತಾಳಾ, ಬಹಳ ಸಂತೋಷ. ಬಾತ್‌ರೂಮಿಗೆ ಒಬ್ಬಳೇ ಹೋಗಿ ಬರ್ತಾಳಾ? ಗೇಟು ತೆಗೆದಿದ್ರೆ ಓಡಲ್ವಾ?" ಕಾಜದಕ್ಕ ಇದ್ದುದನ್ನು ಇದ್ದ ಹಾಗೇ ಹೇಳಿದಳು. ಸುಳ್ಳು ಅವಳಿಗೆ ಅಭ್ಯಾಸವಿರಲಿಲ್ಲ. "ಹಾಗಿದ್ರೆ ಇನ್ನೊಂದು ಸ್ವಲ್ಪ ಕಲೀಲಿ ಕಣಮ್ಮ, ಆಮೇಲೆ ಕರ್ಕೊಂಡು ಬನ್ನಿ," ಎಂದರು ಅವರು. ಒಂದು ಬಾಗಿಲಲ್ಲಿ ಮಗಳು ಹೆಚ್ಚು ಕಲಿತಿದ್ದಳು, ಇನ್ನೊಂದರಲ್ಲಿ ಸಾಲದಷ್ಟು ಕಲಿತಿದ್ದಳು. ನಡುವೆ ಉಳಿದದ್ದು ಹೊಲಿಗೆ ಯಂತ್ರದ ಕಾಲು.

ಬುಧವಾರ ಬೆಳಿಗ್ಗೆ ಅವಳಿಗೆ ಪ್ರಾರ್ಥನೆ ಹತ್ತಲಿಲ್ಲ. ಮೊಣಕಾಲೂರಿ ಕೂತದ್ದು ನಿಜ. ಆದರೆ ಕೊಡು, ಕೊಡು ಎಂದು ಹದಿನಾಲ್ಕು ತಿಂಗಳು ಬೇಡಿದ ಬಾಯಿ, ಕೊಟ್ಟದ್ದನ್ನು ಒಂದು ದಿನದ ಮಟ್ಟಿಗೆ ಹಿಂದಕ್ಕೆ ತಗೋ ಎಂದು ಹೇಗೆ ಬೇಡೀತು? ಕರುಣಾಳುವಾದ ದೇವರು ತನ್ನ ಮಕ್ಕಳ ಮಾತಿಲ್ಲದ ಮೊರೆಯನ್ನೂ ಕೇಳುತ್ತಾನೆ. ಅವಳಿಗೆ ಮಾತ್ರ ಅಂದು ತನ್ನ ಮೊರೆ ಏನೆಂದೇ ತಿಳಿಯಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಮಗಳ ನೀಲಿ ಫ್ರಾಕನ್ನು ಚೀಲದಿಂದ ತೆಗೆದು, ಅದೇ ಬಣ್ಣದ ದಾರ ಪೋಣಿಸಿ, ಎದೆಯ ಮೇಲಿನ ನಾಲ್ಕು ಕಾಜಗಳಿಗೂ ಒಳಗಿನಿಂದ ಎರಡೆರಡು ಹೊಲಿಗೆ ಹಾಕಿದಳು. ಹೊರಗಿನಿಂದ ನೋಡಿದರೆ ಏನೂ ಕಾಣದು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವಳು ಎಂದೂ ಮಾಡಿರಲಿಲ್ಲ.

"ಏನಕ್ಕ, ಕಾಜ ಮುಚ್ತಾ ಇದ್ದೀಯ?"

"ಸಡಿಲ ಆಗಿತ್ತು ಮಾಸ್ಟರೇ."

ಅದು ಮೊದಲನೆಯ ಸುಳ್ಳು.

ಗುರುವಾರ, ಕೇಂದ್ರದ ಒಳಕೋಣೆ. ಅಂಗಡಿಯಿಂದ ನೇರ ಬಂದಿದ್ದ ತಾಯಿ ಗೋಡೆಯ ಬದಿಗೆ ಕೂತಿದ್ದಳು. ಮೇಡಂ ಕನ್ನಡಕವನ್ನು ದಾರದಲ್ಲಿ ತೂಗುಬಿಟ್ಟುಕೊಂಡಿದ್ದ ದಣಿದ ಹೆಂಗಸು. ಅಂದು ಅವರಿಗೆ ಇದು ಏಳನೆಯ ಮಗು. ಲೋಟ ಹಿಡಿಸಿದರು, ಮಣಿ ಎತ್ತಿಸಿದರು, ಬಣ್ಣ ಕೇಳಿದರು. ಕೊನೆಗೆ, "ಎಲ್ಲಿ, ಗುಂಡಿ ಹಾಕ್ಕೊ ನೋಡೋಣ," ಎಂದರು.

ಮಗುವಿನ ಮುಖ ಅರಳಿತು. ಇದು ಅವಳ ವಿದ್ಯೆ. ಮೊದಲ ಗುಂಡಿಯನ್ನು ಹಿಡಿದು ಒತ್ತಿದಳು, ಹೋಗಲಿಲ್ಲ. ಎರಡನೆಯದು. ಮೂರನೆಯದು. ನಾಲಗೆ ತುಟಿಯಾಚೆ ಬಂತು, ಹಣೆ ಬೆವೆತಿತು. ಉಗುರಿನಿಂದ ಕಾಜದ ಒಳಗನ್ನು ತಡವಿದಳು. ಅಲ್ಲಿ ದಾರ ತಗುಲಿತು. ಅವಳು ಎದ್ದು, ತಾಯಿಯ ಬಳಿಗೆ ನಡೆದು, ಫ್ರಾಕಿನ ಅಂಚನ್ನು ಎತ್ತಿ ಹಿಡಿದಳು.

"ಅಮ್ಮ. ಹಾಳು."

ತಾಯಿಯ ಕೈ ತಾನಾಗಿ ಕೊರಳ ಕತ್ತರಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಸಹಾಯ ಮಾಡ್ಬಾರ್ದಮ್ಮ," ಎಂದರು ಮೇಡಂ. "ಬೆರಳು ಚುರುಕಾಗಿದೆಯಲ್ಲ ಇವಳದ್ದು? ಮನೇಲಿ ಹಾಕ್ಕೋತಾಳಾ? ನೀವು ಹೇಳಿದ್ದನ್ನೂ ನಾನು ಬರೀಬೇಕು. ಬರುತ್ತಾ, ಬರಲ್ವಾ?"

ಮಗು ಇನ್ನೂ ಅಂಚನ್ನು ಎತ್ತಿ ಹಿಡಿದೇ ಇತ್ತು.

"ಬರಲ್ಲ," ಎಂದಳು ಕಾಜದಕ್ಕ.

ಮೇಡಂ ಬಗ್ಗಿ, ಮಗುವಿನ ಕೈಯಿಂದ ಆ ಅಂಚನ್ನು ಬಿಡಿಸಿ, ಕಾಜದ ಮೇಲೆ ಹೆಬ್ಬೆರಳಾಡಿಸಿದರು. ದಾರ ಅವರಿಗೂ ಸಿಕ್ಕಿತು. ತಾಯಿಯ ಕೊರಳ ಕತ್ತರಿಯನ್ನು ಒಮ್ಮೆ ನೋಡಿದರು. ಬಳಿಕ ಹಾಳೆಯಲ್ಲಿ ಸೊನ್ನೆ ಬರೆದು, "ಜಾಗ ಇರುತ್ತೆ. ಮುಂದಿನ ವರ್ಷ ಮತ್ತೆ ನೋಡ್ಬೇಕಾಗುತ್ತೆ," ಎಂದರು. ಆ ದಯೆಯೂ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತು.

ಅಂದು ಸಂಜೆಯೇ ಅವಳು ಎಂಟು ಹೊಲಿಗೆಗಳನ್ನೂ ಬಿಚ್ಚಿದಳು. ಮರುದಿನ ಬೆಳಿಗ್ಗೆ ಅದೇ ಫ್ರಾಕು ತೊಡಿಸಿ, ಕೈಕಟ್ಟಿ ನಿಂತಳು. "ಹಾಕ್ಕೊ ಚಿನ್ನ." ಮಗುವಿನ ಕೈಗಳು ಪಕ್ಕದಲ್ಲಿ ಜೋತುಬಿದ್ದಿದ್ದವು.

"ಬರಲ್ಲ."

ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಅಮ್ಮ ಹೇಳಿಕೊಟ್ಟ ಬೇರೆ ಮಾತುಗಳಂತೆ ಇದನ್ನೂ ಒಪ್ಪಿಸಿತು ಅಷ್ಟೇ. ಕಾಜದಕ್ಕ ತಾನೇ ನಾಲ್ಕು ಗುಂಡಿಗಳನ್ನೂ ಹಾಕಿ ಕೇಂದ್ರಕ್ಕೆ ಬಿಟ್ಟುಬಂದಳು. ಶನಿವಾರ ಕೇಂದ್ರಕ್ಕೆ ಅರ್ಧ ದಿನ. ಮಗು ಅಂಗಡಿಗೆ ಬಂದಾಗ ಮಾಸ್ಟರು ಎಂದಿನಂತೆ ಕೂಗಿದರು.

"ಏನಮ್ಮ ಬಂತಮ್ಮ?"

"ಬರಲ್ಲ."

"ಅರೆ! ಹೊಸ ಮಾತು ಕಲಿತಿದ್ದಾಳಲ್ಲಕ್ಕ! ಯಾರು ಕಲಿಸಿದ್ದು?"

ಕಾಜದಕ್ಕ ಕೈಯಲ್ಲಿದ್ದ ಕೋಟನ್ನು ಬದಿಗಿಟ್ಟು, ಕಪಾಟಿನ ತಳದಿಂದ ಆ ಹಳೆಯ ಕಂಬಳಿಯ ತುಂಡನ್ನೂ ಎಲ್ಲಕ್ಕಿಂತ ದೊಡ್ಡ ಗುಂಡಿಯನ್ನೂ ಹುಡುಕಿ ತೆಗೆದಳು. ಕಲಿಸಿದರೆ ಮುಂದಿನ ವರ್ಷ ಮತ್ತೆ ಅದೇ ಕೋಣೆ, ಅದೇ ಪ್ರಶ್ನೆ. ಅದು ಗೊತ್ತಿದ್ದೇ ಮಗಳ ಎದುರು ನೆಲದ ಮೇಲೆ ಕೂತಳು. ಗುಂಡಿಯನ್ನು ಅವಳ ಬೆರಳಿಗಿಟ್ಟಳು.

ಮಗು ಕಂಬಳಿಯನ್ನು ನೋಡಲಿಲ್ಲ, ಗುಂಡಿಯನ್ನೂ ನೋಡಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ ಕೂತಿತು, ಇವತ್ತು ಬರಬೇಕೋ ಬರಬಾರದೋ ಎಂದು ಅಲ್ಲಿ ಓದಿಕೊಳ್ಳುವಂತೆ.